ಮುಟ್ಟು ನಿಂತ ಮೇಲೆ ಸಕ್ಕರೆ ಇಳಿಸುವುದು ಹೇಗೆ? ಚಹಾದ ಪಾತ್ರೆಯಿಂದಲೇ ಶುರು ಮಾಡಿ

"ಸಕ್ರಿ ಪೂರಾ ಬಿಟ್ಟೀನ್ರಿ ಅಕ್ಕಾ, ಈಗೇನಿದ್ರೂ ಬರೀ ಬೆಲ್ಲದ ಚಾ."

ಕಲಬುರಗಿಯ ನಮ್ಮ ಓಣಿಯಲ್ಲಿ ಐವತ್ತರ ಆಚೀಚಿನ ಹೆಣ್ಣುಮಕ್ಕಳ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಅವರ ಮುಖದಲ್ಲಿ ಏನೋ ಸಾಧಿಸಿದ ಸಮಾಧಾನ. ಅದನ್ನು ಕೆಡಿಸಲು ಮನಸ್ಸು ಬಾರದಿದ್ದರೂ ಹೇಳಲೇಬೇಕಾಗುತ್ತದೆ. ಬೆಲ್ಲದಲ್ಲಿ ಇರುವುದೂ ಬಹುಪಾಲು ಅದೇ ಸುಕ್ರೋಸ್, ಅಂದರೆ ಸಕ್ಕರೆಯೇ. ಒಂದಿಷ್ಟು ಕಬ್ಬಿಣದಂಶ ಇದೆ ನಿಜ, ಅದು ಬೇಕಿದ್ದರೆ ಪುಂಡಿ ಪಲ್ಯ ತಿನ್ನಿ. ಬಂದದ್ದು ಬೆಲ್ಲವೋ ಸಕ್ಕರೆಯೋ ಜೇನುತುಪ್ಪವೋ ಎಂದು ಯಕೃತ್ತು ಭೇದ ಮಾಡುವುದಿಲ್ಲ.

ಚಿಕ್ಕ ವಯಸ್ಸಿನಲ್ಲಿ ನಡೆದದ್ದು ಈಗೇಕೆ ನಡೆಯದು ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದು ಋತುಬಂಧ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46-47ರ ಸುಮಾರಿಗೆ ಬರುತ್ತದೆ. ಅಲ್ಲಿಯವರೆಗೆ ಈಸ್ಟ್ರೊಜೆನ್ ಹಾರ್ಮೋನು ರಕ್ತನಾಳಗಳಿಗೆ ಒಂದು ಕಾವಲಿನಂತೆ ಇರುತ್ತದೆ. ಅದು ಇಳಿದ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಸೊಂಟ-ತೊಡೆಗಳಲ್ಲಿ ಕೂಡುತ್ತಿದ್ದ ಕೊಬ್ಬು ಹೊಟ್ಟೆಯ ಸುತ್ತ ಬಂದು ಕೂರುತ್ತದೆ, ಇನ್ಸುಲಿನ್ ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್. ಅದು ಅತಿಯಾದರೆ ಯಕೃತ್ತು ಕೊಬ್ಬು ಮಾಡಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ದಿನದ ಕ್ಯಾಲೊರಿಯ ಶೇ 17ರಿಂದ 21ರಷ್ಟನ್ನು ಸೇರಿಸಿದ ಸಕ್ಕರೆಯಿಂದ ಪಡೆಯುತ್ತಿದ್ದವರು ಹೃದ್ರೋಗದಿಂದ ಸಾಯುವ ಅಪಾಯ, ಶೇ 8ರಷ್ಟು ಪಡೆಯುತ್ತಿದ್ದವರಿಗಿಂತ ಶೇ 38ರಷ್ಟು ಹೆಚ್ಚಿತ್ತು. ಅದು ಗಂಡಸರು, ಹೆಂಗಸರು ಇಬ್ಬರನ್ನೂ ಸೇರಿಸಿದ ಲೆಕ್ಕ.

ಮೊದಲು ರಕ್ತ ಪರೀಕ್ಷೆ

ಖಾಲಿ ಹೊಟ್ಟೆಯಲ್ಲಿ ಹೋಗಿ ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಬ್ಬಿನ ಲೆಕ್ಕ) ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ, ಬಿ.ಪಿ. ನೋಡಿಸಿ, ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ಬರೆದಿಡಿ. ಹೆಂಗಸರಿಗೆ ಸುತ್ತಳತೆ 80 ಸೆಂ.ಮೀ. ಒಳಗಿರಬೇಕು, ಟ್ರೈಗ್ಲಿಸರೈಡ್ 150ರ ಒಳಗಿರಬೇಕು, ಒಳ್ಳೆಯ ಕೊಲೆಸ್ಟ್ರಾಲ್ 50ರ ಮೇಲಿರಬೇಕು.

'ಶುಗರ್ ನಾರ್ಮಲ್' ಎಂದ ಕೂಡಲೇ ವರದಿ ಮಡಚಿ ಇಡಬೇಡಿ. ನನಗೆ 51 ಇದ್ದಾಗ ಹಾಗೇ ಆಯಿತು. ಫಾಸ್ಟಿಂಗ್ ಶುಗರ್ 98 ಇತ್ತು. ವರದಿ ಕೊಟ್ಟವರು "ಶುಗರ್ ಇಲ್ರಿ, ಆರಾಮಿರ್ರಿ" ಎಂದು ಕಳಿಸಿದರು. ಮನೆಗೆ ಬಂದು ಎರಡನೇ ಹಾಳೆ ತಿರುವಿದರೆ ಟ್ರೈಗ್ಲಿಸರೈಡ್ 238. ಸಕ್ಕರೆ ಕಾಯಿಲೆ ಇಲ್ಲದವರಿಗೂ ಸಕ್ಕರೆ ಹೃದಯದ ದಾರಿಯಲ್ಲಿ ಕೆಲಸ ಮಾಡುತ್ತಿರುತ್ತದೆ ಎಂಬುದು ಆ ದಿನ ನನಗೆ ಮನದಟ್ಟಾಯಿತು.

ಡಯಾಬಿಟಿಸ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮುಂದಿನದ್ದನ್ನು ವೈದ್ಯರಿಗೆ ಹೇಳಿಯೇ ಮಾಡಿ. ಔಷಧಿಯ ಪ್ರಮಾಣ ಹಾಗೇ ಉಳಿದು ಸಕ್ಕರೆ ಮಾತ್ರ ಒಮ್ಮೆಲೇ ಇಳಿದರೆ ತಲೆ ಸುತ್ತಿ ಬೀಳುವ ಅಪಾಯವಿದೆ.

ಎರಡನೆಯದು, ತೂಕ

ಒಂದನೇ ತಾರೀಖು ಮನೆಗೆ ಎಷ್ಟು ಸಕ್ಕರೆ, ಬೆಲ್ಲ ಬಂತು, ತಿಂಗಳ ಕೊನೆಗೆ ಎಷ್ಟು ಉಳಿಯಿತು ಎಂದು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಕೆ.ಜಿ. ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 42 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನದ ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ 5ಕ್ಕಿಂತ ಕಡಿಮೆ. ಶೇ 5 ಎಂದರೆ ಹೆಚ್ಚುಕಡಿಮೆ 25 ಗ್ರಾಂ, ಮಟ್ಟ ಮಾಡಿದ ಆರು ಟೀ ಚಮಚ. ಬಿಸ್ಕಿಟ್ಟಿನದೂ ಶರಬತ್ತಿನದೂ ಇದರಲ್ಲೇ ಸೇರಬೇಕು.

ಚಮಚ ಎಂದಾಗ ನಿಮ್ಮ ಡಬ್ಬಿಯೊಳಗಿನ ಚಮಚವನ್ನೇ ನೋಡಿ. ನನ್ನ ಪಕ್ಕದ ಮನೆಯವರು "ಕಪ್ಪಿಗೆ ಎರಡೇ ಚಮಚ ರೀ" ಅನ್ನುತ್ತಿದ್ದರು. ಸ್ಟೀಲ್ ಡಬ್ಬಿ ತೆಗೆಸಿ ನೋಡಿದೆ. ಅಗಲ ಬಾಯಿಯ ಹಳೇ ಚಮಚ, ತುಂಬಿದರೆ ಗುಡ್ಡೆಯಾಗಿ ನಿಲ್ಲುತ್ತಿತ್ತು. ಹತ್ತು ಚಮಚ ಪೇಪರ್ ಪೊಟ್ಟಣಕ್ಕೆ ಹಾಕಿ ಮೂಲೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಡಿಸಿದೆವು. 85 ಗ್ರಾಂ ತೂಗಿತು. ಅವರು ದಿನಕ್ಕೆ ಕುಡಿಯುತ್ತಿದ್ದದ್ದು ಐದು ಕಪ್ಪು, ಅಂದರೆ ಹತ್ತು ಚಮಚ. ಪೊಟ್ಟಣ ಕೈಯಲ್ಲಿ ಹಿಡಿದು ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೂರನೆಯದು, ಎಲ್ಲರೂ ಸೋಲುವ ಜಾಗ: ಚಹಾ

ನಮ್ಮ ಕಡೆ ಚಹಾ ಎಂದರೆ ನೀರು, ಹಾಲು, ಪುಡಿ, ಸಕ್ಕರೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯಬೇಕು. ಮಗನಿಗೆ ಸಿಹಿ ಬೇಕು, ಮಾವನವರಿಗೆ ಇನ್ನೂ ಸಿಹಿ ಬೇಕು, ಮಾಡುವವಳೂ ಅದನ್ನೇ ಕುಡಿಯುತ್ತಾಳೆ. ಪಾತ್ರೆಯಲ್ಲಿ ಉಳಿದ ಅರ್ಧ ಕಪ್ಪೂ ಚೆಲ್ಲಲಾಗದೆ ಅವಳ ಪಾಲಿಗೇ ಬರುತ್ತದೆ. ಹೀಗಿರುವಾಗ "ನಾನು ಕಡಿಮೆ ಮಾಡ್ತೀನಿ" ಎಂಬ ನಿರ್ಧಾರಕ್ಕೆ ಜಾಗವೇ ಇಲ್ಲ. ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸ, ಸಕ್ಕರೆಯನ್ನು ಪಾತ್ರೆಯಿಂದ ಹೊರಗಿಡುವುದು. ಸೋಸಿದ ಮೇಲೆ ಅವರವರ ಕಪ್ಪಿಗೆ ಅವರವರು ಹಾಕಿಕೊಳ್ಳಲಿ. ಮನೆಯವರು ಎರಡು ದಿನ ಗೊಣಗುತ್ತಾರೆ. ಗೊಣಗಲಿ.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಸಕ್ಕರೆ ಅರ್ಧ ಮಾಡಿ ಚಹಾಪುಡಿಯನ್ನು ಮೊದಲಿನಷ್ಟೇ ಹಾಕಿ, ಮೊದಲಿನಷ್ಟೇ ಕುದಿಸುತ್ತಾರೆ. ಹತ್ತು ನಿಮಿಷ ಕುದ್ದ ಪುಡಿ ಒಗರಾಗುತ್ತದೆ, ಆ ಒಗರು ಮುಚ್ಚಲಿಕ್ಕೇ ಇಷ್ಟು ದಿನ ಅಷ್ಟು ಸಕ್ಕರೆ ಬೇಕಾಗಿತ್ತು. ಮೂರನೇ ದಿನಕ್ಕೆ "ಕಷಾಯ ಆಗ್ಯಾದ" ಎಂದು ಬಿಟ್ಟುಬಿಡುತ್ತಾರೆ. ಸಕ್ಕರೆ ಇಳಿಸುವ ಮುಂಚೆ ಪುಡಿ ಇಳಿಸಿ. ನಾನು ಮಾಡುವುದು ಹೀಗೆ: ಜಜ್ಜಿದ ಶುಂಠಿ, ಒಂದು ಏಲಕ್ಕಿ ಹಾಕಿ ನೀರು ಕುದಿಸಿ, ಹಾಲು ಹಾಕಿ ಉಕ್ಕು ಬಂದ ಮೇಲೆ ಮೊದಲಿನ ಮುಕ್ಕಾಲು ಪಾಲು ಪುಡಿ ಹಾಕುತ್ತೇನೆ. ಒಂದು ಕುದಿ ಬಂದರೆ ಸಾಕು, ಒಲೆ ಆರಿಸಿ ತಟ್ಟೆ ಮುಚ್ಚಿ ಮೂರು ನಿಮಿಷ ಬಿಡುತ್ತೇನೆ. ಬಣ್ಣ ಬರುತ್ತದೆ, ಒಗರು ಬರುವುದಿಲ್ಲ, ಹಾಲಿನ ಸ್ವಂತ ಸಿಹಿ ನಾಲಿಗೆಗೆ ಸಿಗುತ್ತದೆ.

ಇನ್ನು ಇಳಿಸುವ ಕ್ರಮ. ಮೊದಲ ವಾರ ಏನೂ ಕಡಿಮೆ ಮಾಡಬೇಡಿ, ಗುಡ್ಡೆ ಚಮಚವನ್ನು ಬೆರಳಿನಿಂದ ಸವರಿ ಮಟ್ಟ ಮಾಡಿ, ಅಷ್ಟೇ. ಕಪ್ಪಿಗೆ ಎರಡು ಚಮಚ ಹಾಕುತ್ತಿದ್ದರೆ ಎರಡನೇ ವಾರ ಒಂದೂವರೆ. ಮೂರು, ನಾಲ್ಕನೇ ವಾರ ಒಂದು. ಇಲ್ಲಿ ಅವಸರ ಮಾಡಿದವರೇ ಮತ್ತೆ ಎರಡಕ್ಕೆ ಏರುತ್ತಾರೆ, ನಾಲಿಗೆಗೆ ಹೊಂದಿಕೊಳ್ಳಲು ಆ ಎರಡು ವಾರ ಕೊಡಿ. ಆಮೇಲೆ ಅರ್ಧ. ಜೊತೆಗೆ ಕಪ್ಪುಗಳನ್ನು ಐದರಿಂದ ಮೂರಕ್ಕೆ ತನ್ನಿ. ಬಂದವರಿಗೆ ಚಾ ಕೊಡದೆ ಕಳಿಸುವ ಊರಲ್ಲ ನಮ್ಮದು, ಕೊಡಿ. ಪ್ರತಿಯೊಬ್ಬರ ಜೊತೆ ನೀವೂ ಅರ್ಧ ಕಪ್ಪು ಕುಡಿಯಲೇಬೇಕೆಂದಿಲ್ಲ.

ಸಕ್ಕರೆ ಬದಲು ಸಿಹಿ ಮಾತ್ರೆ ಹಾಕಿಕೊಳ್ಳಬಹುದಾ ಎಂದು ಬಹಳ ಜನ ಕೇಳುತ್ತಾರೆ. ಬೇಡ ಎನ್ನುತ್ತೇನೆ. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆ ಸಲಹೆ ಈಗಾಗಲೇ ಡಯಾಬಿಟಿಸ್ ಇರುವವರಿಗೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನು ಕೇಳಲಿ. ಉಳಿದವರಿಗೆ ನನ್ನ ಆಕ್ಷೇಪ ಇಷ್ಟು: ಮಾತ್ರೆ ಹಾಕಿದರೆ ನಾಲಿಗೆಯ ಸಿಹಿ ಚಟ ಇಳಿಯುವುದೇ ಇಲ್ಲ.

ಚಹಾದ ಜೊತೆಗಾರರು

ಟೋಸ್ಟ್, ಖಾರಿ, ಬಿಸ್ಕಿಟ್. ಖಾರಿಯಲ್ಲಿ ಸಕ್ಕರೆ ಕಡಿಮೆ ನಿಜ, ಆದರೆ ಅದು ಮೈದಾ ಮತ್ತು ಡಾಲ್ಡಾದ ಪದರ, ಹೃದಯಕ್ಕೆ ಅದೂ ಒಳ್ಳೆಯದಲ್ಲ. ಒಂದು ಹಿಡಿ ಹುರಿದ ಶೇಂಗಾ ಅಥವಾ ಪುಟಾಣಿ ಇಟ್ಟುಕೊಳ್ಳಿ. 'ಶುಗರ್ ಫ್ರೀ' ಎಂದು ದೊಡ್ಡದಾಗಿ ಬರೆದ ದುಬಾರಿ ಬಿಸ್ಕಿಟ್ ತರುವವರು ಪ್ಯಾಕೆಟ್ಟಿನ ಹಿಂಭಾಗ ಓದಿ. ಸಾಮಗ್ರಿಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಮೈದಾ, ಪಾಮ್ ಎಣ್ಣೆ, ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಮುಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಗ್ಲೂಕೋಸ್ ಸಿರಪ್, ಇನ್‌ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಇವೆಲ್ಲ ಸಕ್ಕರೆಯ ಬೇರೆ ಬೇರೆ ಹೆಸರುಗಳು. ಮಕ್ಕಳು ಅಮ್ಮನ ಶಕ್ತಿಗೆಂದು ತಂದುಕೊಡುವ ಹಾಲಿನ ಪುಡಿಗಳನ್ನೂ ಹೀಗೇ ನೋಡಿ. ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತ್ತು.

ಬಿಸಿಲುಗಾಲದಲ್ಲಿ ಕಬ್ಬಿನ ಹಾಲು, ಬಾಟಲಿಯ ಕೋಲಾ ಎರಡೂ ಬೇಡ. ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಮಜ್ಜಿಗೆ, ಜೋಳದ ಅಂಬಲಿ ನಮ್ಮ 42 ಡಿಗ್ರಿಗೆ ಹೇಳಿ ಮಾಡಿಸಿದವು. ಹಣ್ಣು ತಿನ್ನಿ, ಹಿಂಡಿ ಕುಡಿಯಬೇಡಿ. ಪೇರಲ, ಪಪ್ಪಾಯಿ ನನಗೆ ಮೊದಲು.

ಹಬ್ಬ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಶೇಂಗಾ ಹೋಳಿಗೆ ತಿನ್ನದೆ ಬರುವುದು ಹೇಗೆ? ಸಜ್ಜೆ ರೊಟ್ಟಿ, ಭಜ್ಜಿ ಮೊದಲು ಉಂಡು, ಕೊನೆಗೆ ಒಂದು ಹೋಳಿಗೆ ತಿನ್ನಿ. ಕೆಡಿಸುವುದು ಅವತ್ತಿನ ಹೋಳಿಗೆಯಲ್ಲ, ಡಬ್ಬಿಯಲ್ಲಿ ಉಳಿದು ವಾರವಿಡೀ ಸಂಜೆ ಚಹಾದ ಜೊತೆ ಕರಗುವ ಹೋಳಿಗೆ. ಉಳಿದದ್ದನ್ನು ಅವತ್ತೇ ಹಂಚಿಬಿಡಿ.

ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ

ಅದೇ ಪ್ರಯೋಗಾಲಯ, ಅದೇ ಖಾಲಿ ಹೊಟ್ಟೆ. ಹಿಂದಿನ ದಿನ ಮದುವೆ ಊಟ ಇರಬಾರದು. ನನ್ನ 238 ಮೂರು ತಿಂಗಳಲ್ಲಿ 164ಕ್ಕೆ ಬಂತು. ನಿಮ್ಮದು ಇಳಿಯದಿದ್ದರೆ ಅದನ್ನು ನಿಮ್ಮ ತಪ್ಪೆಂದು ಕೊರಗದೆ ವೈದ್ಯರಲ್ಲಿಗೆ ಹೋಗಿ. ಥೈರಾಯ್ಡ್ ಕಾರಣವಿರಬಹುದು, ಮಾತ್ರೆ ಬೇಕಾಗಬಹುದು. ಬರೆದುಕೊಟ್ಟ ಮಾತ್ರೆಯನ್ನು "ಸಕ್ರಿ ಬಿಟ್ಟೀನಲ್ಲ" ಎಂದು ನೀವಾಗಿಯೇ ನಿಲ್ಲಿಸಬೇಡಿ.

ಹೆಂಗಸರಲ್ಲಿ ಹೃದಯಾಘಾತ ಪ್ರತಿ ಸಲ ಎದೆ ಹಿಡಿದುಕೊಳ್ಳುವಂತೆ ಬರುವುದಿಲ್ಲ. ದವಡೆ, ಬೆನ್ನು, ಭುಜದಲ್ಲಿ ನೋವು, ಏದುಸಿರು, ವಾಕರಿಕೆ, ತಣ್ಣನೆ ಬೆವರು, ಕಾರಣವಿಲ್ಲದ ವಿಪರೀತ ಸುಸ್ತು ಇವೂ ಅದರ ಗುರುತುಗಳು. "ಗ್ಯಾಸ್ ಆಗ್ಯಾದ" ಎಂದು ಸೋಡಾ ಕುಡಿದು ಮಲಗಬೇಡಿ, 108ಕ್ಕೆ ಫೋನ್ ಮಾಡಿಸಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಹಳೇ ವರದಿಗಳ ಕಡತವನ್ನು ಮನೆಯವರ ಕೈಗೆ ಸಿಗುವ ಕಡೆ ಇಡಿ, ಎಲ್ಲಿದೆ ಎಂದು ಅವರಿಗೆ ಇವತ್ತೇ ತೋರಿಸಿ.