ನೂಲು ಮಾರಿದ ದಿನವೇ ಡಬ್ಬಿಗೆ ಒಂದು ಪಾಲು

ನಮ್ಮಪ್ಪ 68ನೇ ವಯಸ್ಸಿನಲ್ಲೂ ದಿನಾ ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಗೆ ಹೋಗುತ್ತಿದ್ದರು. ಬಗ್ಗಿ ಒಂದು ಹಿಡಿ ಗೂಡು ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಮತ್ತೆ ನೆಟ್ಟಗೆ ನಿಲ್ಲೋದಕ್ಕೆ ಗೋಡೆ ಹಿಡಿಯಬೇಕಿತ್ತು. "ಸಾಕು ಬಿಡಪ್ಪ" ಅಂದರೆ, "ಬಿಟ್ಟರೆ ಮಾತ್ರೆಗೂ ನಿನ್ನ ಮುಂದೆ ಕೈ ಚಾಚಬೇಕಲ್ಲೋ" ಅನ್ನುತ್ತಿದ್ದರು. ನಲವತ್ತು ವರ್ಷ ನೂಲು ತೆಗೆದವರು. ದುಡಿದಿದ್ದೇನೂ ಕಡಿಮೆಯಲ್ಲ. ಆದರೆ ದುಡ್ಡು ಗೂಡಿನಿಂದ ನೂಲಿಗೆ, ನೂಲಿನಿಂದ ಗೂಡಿಗೆ ತಿರುಗುತ್ತಲೇ ಇತ್ತು. ಪಕ್ಕಕ್ಕೆ ಏನೂ ಉಳಿದಿರಲಿಲ್ಲ.

ಅದನ್ನು ನೋಡಿ ನೋಡಿಯೇ ನಾನು 2008ರ ಜನವರಿಯಲ್ಲಿ ಪೋಸ್ಟ್ ಆಫೀಸಿನಲ್ಲಿ ಪಿಪಿಎಫ್ ಖಾತೆ, ಅಂದರೆ 15 ವರ್ಷದ ಸರ್ಕಾರಿ ಉಳಿತಾಯ ಖಾತೆ ತೆರೆದೆ. ಆಗ ನನಗೆ 29 ವರ್ಷ. ಪಾಸ್‌ಬುಕ್ಕಿನ ಮೊದಲ ಸಾಲಿನಲ್ಲಿ 500 ರೂಪಾಯಿ ಅಂತ ಇದೆ.

ಗೂಡಿನಿಂದ ನೂಲು ತೆಗೆದು ಮಾರುವ ನಮ್ಮಂಥ ರೀಲರ್‌ಗಳಿಗೆ ಸಂಬಳ ಇಲ್ಲ, ಪಿಎಫ್ ಇಲ್ಲ. ಒಂದು ತಿಂಗಳು ಕೈ ತುಂಬ, ಇನ್ನೊಂದು ತಿಂಗಳು ಖಾಲಿ. ತಿಂಗಳಿಗೆ ಇಷ್ಟೇ ಕಟ್ಟಬೇಕು ಅಂದರೆ ನಮಗೆ ಆಗಲ್ಲ. ಪಿಪಿಎಫ್‌ನಲ್ಲಿ ಆ ತೊಂದರೆ ಇಲ್ಲ. ವರ್ಷಕ್ಕೆ 500 ಕಟ್ಟಿದರೂ ಖಾತೆ ನಡೆಯುತ್ತದೆ, ಈಗ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಹಾಗಾಗಿ ನಾನು ತಿಂಗಳ ಲೆಕ್ಕ ಬಿಟ್ಟು ಕಿಲೋ ಲೆಕ್ಕ ಹಿಡಿದೆ. ನೂಲು ಮಾರಿದ ದಿನ ಕೂಲಿ ಕೊಟ್ಟ ಮೇಲೆ, ಮುಂದಿನ ಗೂಡಿಗೆ ದುಡ್ಡು ಎತ್ತಿಡುವ ಮೊದಲೇ, ಕಿಲೋಗೆ 20 ರೂಪಾಯಿ ಸ್ಟೀಲ್ ಡಬ್ಬಿಗೆ. ಆಮೇಲೆ 30 ಮಾಡಿದೆ. ತಿಂಗಳ 5ನೇ ತಾರೀಕಿನೊಳಗೆ ಡಬ್ಬಿ ಖಾಲಿ ಮಾಡಿ ಕಟ್ಟಿಬಿಡುತ್ತಿದ್ದೆ. 5ರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿರುವ ಕಡಿಮೆ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. 6ಕ್ಕೆ ಕಟ್ಟಿದರೆ ಸುಮ್ನೆ ಒಂದು ತಿಂಗಳ ಬಡ್ಡಿ ಹೋಯ್ತು.

2011ರಲ್ಲಿ ರೇಷ್ಮೆ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಗೂಡು, ನೂಲು ಎರಡರ ಬೆಲೆಯೂ ಬಿತ್ತು. ಜಾಸ್ತಿ ಬೆಲೆಗೆ ತಂದ ಗೂಡು ನಮ್ಮ ಮನೆಯಲ್ಲೇ ಇತ್ತು. ಎರಡು ತಿಂಗಳು ಬೇಸಿನ್, ಅಂದರೆ ಗೂಡನ್ನು ಬಿಸಿನೀರಲ್ಲಿ ಹಾಕಿ ನೂಲು ತೆಗೆಯುವ ತೊಟ್ಟಿ, ನಿಲ್ಲಿಸಿದೆವು. ಪಿಪಿಎಫ್ ದುಡ್ಡು ಕೈಗೆ ಸಿಗುವಂತಿದ್ದರೆ ಆ ವರ್ಷವೇ ಅಷ್ಟನ್ನೂ ವ್ಯಾಪಾರಕ್ಕೆ ಸುರಿದುಬಿಡುತ್ತಿದ್ದೆ, ಖಂಡಿತ. ಮೂರನೇ ವರ್ಷದಿಂದ ಆರನೇ ವರ್ಷದವರೆಗೆ ಅದರ ಮೇಲೆ ಸಾಲ ಮಾತ್ರ ಸಿಗುತ್ತದೆ, ಅದೂ ಎರಡು ವರ್ಷ ಹಿಂದೆ ಇದ್ದ ಮೊತ್ತದ ಕಾಲು ಭಾಗ. ಅಷ್ಟನ್ನೇ ತಗೊಂಡು ಎರಡು ವರ್ಷದಲ್ಲಿ ತೀರಿಸಿದೆ. ಇನ್ನೊಂದು ವಿಷಯ ಆಗ ತಿಳಿದುಕೊಂಡೆ. ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಪಿಪಿಎಫ್ ದುಡ್ಡು ಜಪ್ತಿ ಆಗಲ್ಲ. ಸಾಲದಲ್ಲೇ ವ್ಯಾಪಾರ ಮಾಡುವ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಧೈರ್ಯ, ಅಲ್ವಾ?

ಬೇಗ ಶುರುಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಲೆಕ್ಕ ನೋಡಿ. ಈಗಿನ ಶೇ 7.1 ಬಡ್ಡಿಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ 60,000 ಕಟ್ಟಿದರೆ, 15 ವರ್ಷಕ್ಕೆ ಸುಮಾರು 16 ಲಕ್ಷ ಆಗುತ್ತದೆ. 25 ವರ್ಷ ಕಟ್ಟಿದರೆ ಸುಮಾರು 41 ಲಕ್ಷ. ಹತ್ತು ವರ್ಷದಲ್ಲಿ ನಾವು ಜಾಸ್ತಿ ಹಾಕಿದ್ದು ಬರೀ 6 ಲಕ್ಷ.

ನನ್ನ ಖಾತೆಯ ಅವಧಿ 2023ರಲ್ಲಿ ಮುಗಿಯಿತು. ತೆಗೆಯಲಿಲ್ಲ, ಇನ್ನೈದು ವರ್ಷಕ್ಕೆ ಮುಂದುವರಿಸಿದೆ. ಇದಕ್ಕೆ ಒಂದು ವರ್ಷದೊಳಗೆ ಅರ್ಜಿ ಕೊಡಲೇಬೇಕು. ಇಲ್ಲದಿದ್ದರೆ ಹೊಸದಾಗಿ ದುಡ್ಡು ಕಟ್ಟೋದಕ್ಕೆ ಬಿಡಲ್ಲ.

ಬೇಸಿನ್ ಮುಂದೆ ಕೂತು ನೂಲು ತೆಗೆಯುವವರದು ಇನ್ನೂ ಕಷ್ಟ. ಬಿಸಿನೀರಲ್ಲಿ ನೆನೆದು ನೆನೆದು ಬೆರಳ ತುದಿ ಬಿಳಚಿಕೊಂಡಿರುತ್ತದೆ. ಐವತ್ತು ದಾಟಿದರೆ ಎಳೆ ಕಣ್ಣಿಗೆ ಕಾಣಲ್ಲ. ನಮ್ಮಲ್ಲಿ ಕೆಲಸ ಮಾಡುವ 25 ವರ್ಷದ ಹುಡುಗಿಯನ್ನು ಹೋದ ತಿಂಗಳು ಬ್ಯಾಂಕಿಗೆ ಕರಕೊಂಡು ಹೋಗಿ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರಿಸಿದೆ. ಆದಾಯ ತೆರಿಗೆ ಕಟ್ಟದ, 18ರಿಂದ 40 ವರ್ಷದೊಳಗಿನವರು ಸೇರಬಹುದು. ಅವಳ ವಯಸ್ಸಿಗೆ ತಿಂಗಳಿಗೆ 376 ಕಟ್ಟಿದರೆ 60 ಆದ ಮೇಲೆ ತಿಂಗಳಿಗೆ 5,000. ಅವಳೇ 35ಕ್ಕೆ ಸೇರಿದ್ದರೆ 902 ಕಟ್ಟಬೇಕಿತ್ತು. ಅಷ್ಟು ವರ್ಷ ಕಳೆದ ಮೇಲೆ 5,000ಕ್ಕೆ ಏನು ಬರುತ್ತದೆ ಅಂತ ನನಗೂ ಗೊತ್ತು. ಆದರೂ ಅವಳದ್ದು ಅಂತ ಅಷ್ಟಾದರೂ ಇರಲಿ.

ಪೆನ್ನು ಹಿಡಿದು ಕೇಳಿದಳು, "ಅಣ್ಣಾ, ಪಿಂಚಣಿ ಬರುವಾಗ ನಾನು ಹೋಗಿಬಿಟ್ಟರೆ?"

"ಅಷ್ಟೇ ದುಡ್ಡು ನಿಮ್ಮೆಜಮಾನರಿಗೆ ಬರುತ್ತಮ್ಮ. ಅವರ ನಂತರ ನೀನು ಹೆಸರು ಬರೆಸಿದವರಿಗೆ ಎಂಟೂವರೆ ಲಕ್ಷ."

ನಾಮಿನಿ ಜಾಗದಲ್ಲಿ ಮಗಳ ಹೆಸರು ಬರೆಸಿ ಸಹಿ ಹಾಕಿದಳು.