ರೂಟರ್ ಬಿಟ್ ಕೊಳ್ಳುವ ಮೊದಲು ಕಾಲೆಟ್ ಅಳತೆ ನೋಡಿ

ಹೊಸದಾಗಿ ರೂಟರ್ (ಮರದಲ್ಲಿ ತೋಡು ತೆಗೆಯುವ, ಅಂಚು ರೂಪಿಸುವ ಯಂತ್ರ) ಕೊಂಡವರು ದಯವಿಟ್ಟು ಮೂವತ್ತು ಬಿಟ್‌ಗಳ (ಅದಕ್ಕೆ ಸಿಕ್ಕಿಸುವ, ಮರ ಕೊರೆಯುವ ಅಲಗುಗಳ) ಅಗ್ಗದ ಪೆಟ್ಟಿಗೆಗೆ ಮರುಳಾಗಬೇಡಿ. ಆರಂಭಕ್ಕೆ ಒಳ್ಳೆಯವು ಮೂರು ಸಾಕು: ತೋಡು ತೆಗೆಯಲು ನೇರ ಬಿಟ್, ಲ್ಯಾಮಿನೇಟ್ ಅಂಚನ್ನು ಸಮ ಮಾಡಲು ಬೇರಿಂಗ್ ಇರುವ ಫ್ಲಶ್ ಟ್ರಿಮ್ ಬಿಟ್, ಮೇಜಿನ ಅಂಚನ್ನು ದುಂಡಗಾಗಿಸಲು ರೌಂಡ್ ಓವರ್ ಬಿಟ್.

ಅದಕ್ಕೂ ಮೊದಲು ನಿಮ್ಮ ರೂಟರಿನ ಕಾಲೆಟ್, ಅಂದರೆ ಬಿಟ್‌ನ ಕಾಂಡವನ್ನು ಬಿಗಿಯಾಗಿ ಹಿಡಿಯುವ ಭಾಗದ ಅಳತೆ ತಿಳಿದುಕೊಳ್ಳಿ. 6 ಮಿ.ಮೀ. ಮತ್ತು ಕಾಲು ಇಂಚು ಒಂದೇ ಅಲ್ಲ. ಕಾಲು ಇಂಚೆಂದರೆ 6.35 ಮಿ.ಮೀ. ಕಾಲು ಇಂಚಿನ ಕಾಲೆಟ್‌ಗೆ 6 ಮಿ.ಮೀ. ಕಾಂಡದ ಬಿಟ್ ಹಾಕಿದರೆ ಕೈಗೆ ಬಿಗಿಯೆನಿಸಿದರೂ ತಿರುಗುವಾಗ ಜಾರುತ್ತದೆ. ನಾನು ಹಾಗೆ ಮಾಡಿದಾಗ ತೇಗದ ಹಲಗೆಯಲ್ಲಿ 4 ಮಿ.ಮೀ. ಆಳಕ್ಕೆ ಹೊರಟ ತೋಡು ಇನ್ನೊಂದು ತುದಿಗೆ ಬರುವಷ್ಟರಲ್ಲಿ 7 ಆಗಿತ್ತು. ಬಿಟ್ ಪೂರ್ತಿ ಕಳಚಿ ಹಾರಿದ್ದರೆ ಏನಾಗುತ್ತಿತ್ತೋ!

ಪ್ಲೈವುಡ್‌ನ ಅಂಟು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕಿನ) ಬಿಟ್‌ನ ಹರಿತವನ್ನು ಬೇಗ ತಿಂದುಹಾಕುತ್ತದೆ. ಅದಕ್ಕಿಂತ ಗಟ್ಟಿಯಾದ ಕಾರ್ಬೈಡ್ ಅಲಗಿನದನ್ನೇ ಕೇಳಿ ಪಡೆಯಿರಿ.

ಪ್ಲಗ್ ಕಿತ್ತ ಮೇಲೆಯೇ ಬಿಟ್ ಬದಲಿಸಿ. ತಳ ಮುಟ್ಟುವಷ್ಟು ಒಳಗೆ ತಳ್ಳಿ, 2–3 ಮಿ.ಮೀ. ಹಿಂದಕ್ಕೆಳೆದು ಬಿಗಿ ಮಾಡಿ. ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಆಳ ಬೇಡ. ಮರ ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿರಬಹುದು, ಇಲ್ಲವೇ ನಿಮ್ಮ ಕೈ ತೀರಾ ನಿಧಾನವಾಗಿ ಸಾಗುತ್ತಿರಬಹುದು.