ಫೇಸಿಂಗ್ ಆದ ಹೆಡ್ ಕೂರಿಸುವ ಮುಂಚೆ ಬೋಲ್ಟ್ ಅಳತೆ ನೋಡಿ

ಮನೆಯ ಹಳೇ ಮಾರುತಿ 800 ವಿಪರೀತ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ಗೂ ನಡುವಿನ ಸೀಲ್) ಹೋಗಿತ್ತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಬಿಸಿ ಜಾಸ್ತಿಯಾದರೆ ಮೊದಲು ಬಾಗುವುದು ಹೆಡ್ಡೇ. ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ತೂರಿಸಿದೆ. 0.05 ಮಿ.ಮೀ. ಎಲೆ ಸಲೀಸಾಗಿ ಒಳಗೆ ಹೋಯಿತು. ಬ್ಲಾಕ್ ಮೇಲೂ ತುಕ್ಕು ತಿಂದ ಗುಂಡಿಗಳಿದ್ದವು, ಹಾಗಾಗಿ ಎರಡನ್ನೂ ಫೇಸಿಂಗ್‌ಗೆ, ಅಂದರೆ ಮೇಲ್ಮೈ ತುಸು ಸವೆಸಿ ಸಮ ಮಾಡಿಸಲು, ಕೊಟ್ಟೆ.

ಫೇಸಿಂಗ್ ಆಗಿ ಬಂದ ಮೇಲೆ ಎಲ್ಲರೂ ನೋಡುವುದು ಮೇಲ್ಮೈ ಕನ್ನಡಿ ಥರ ಇದೆಯಾ ಅಂತ. ನಾನು ಮೊದಲು ನೋಡುವುದು ಹೆಡ್ಡನ್ನು ಬ್ಲಾಕ್‌ಗೆ ಬಿಗಿಯುವ ಬೋಲ್ಟ್. ಹೆಡ್‌ನಿಂದ ಎಷ್ಟು ತೆಗೆದಿದ್ದಾರೋ ಬೋಲ್ಟ್ ಅಷ್ಟು ಕೆಳಗೆ ಇಳಿಯುತ್ತದೆ, ಬ್ಲಾಕ್‌ನಿಂದ ಎಷ್ಟು ತೆಗೆದಿದ್ದಾರೋ ಬೋಲ್ಟ್ ಇಳಿಯುವ ತೂತಿನ ಆಳ ಅಷ್ಟು ಕಡಿಮೆಯಾಗುತ್ತದೆ, ಅಂದರೆ ಎರಡೂ ಸೇರಿ ಬೋಲ್ಟಿನ ತುದಿಯನ್ನು ತಳದ ಹತ್ತಿರ ತರುತ್ತವೆ. ಒಂದು ಸಲ ತೆಗೆಯುವುದು ತೀರಾ ಕಮ್ಮಿ, ನಿಜ. ಆದರೆ ಹಳೇ ಗಾಡಿಯ ಹೆಡ್ ಹಿಂದೆ ಯಾರ ಕೈಯಲ್ಲಿ ಎಷ್ಟು ಸಲ ಫೇಸಿಂಗ್ ಆಗಿದೆ ಅಂತ ಯಾರಿಗೆ ಗೊತ್ತು? ತುದಿ ತಳಕ್ಕೆ ತಾಗಿದರೂ ಟಾರ್ಕ್ ರೆಂಚ್ (ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಪಾನಾ) ಟಕ್ ಅನ್ನುತ್ತದೆ. ಹೆಡ್ ಮೇಲೆ ಮಾತ್ರ ಒತ್ತಡವೇ ಬಿದ್ದಿರುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆಮೇಲೆ ಗ್ಯಾಸ್ಕೆಟ್ ಸೋರಿ ಮತ್ತೆ ರೇಡಿಯೇಟರ್‌ನಲ್ಲಿ ಗುಳ್ಳೆ.

ಕಂಬಿ ಇಳಿಸಿ ಆಳ ಅಳೆದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸಾಲದು. ಟ್ಯಾಪ್ ಹೊಡೆದ (ಒಳಗೆ ಥ್ರೆಡ್ ಕೊರೆದ) ತೂತಿನ ತಳದಲ್ಲಿ ಥ್ರೆಡ್ ಪೂರ್ತಿ ಇರುವುದಿಲ್ಲ, ಬೋಲ್ಟ್ ಅದಕ್ಕೂ ಮೇಲೇ ನಿಂತುಬಿಡಬಹುದು. ಅದಕ್ಕೆ ನಾನು ಹೆಡ್ ಇಲ್ಲದ ಬರಿ ಬ್ಲಾಕ್‌ಗೆ ಪ್ರತಿ ಬೋಲ್ಟನ್ನೂ ಬೆರಳಲ್ಲೇ ಕೊನೇತನಕ ತಿರುಗಿಸುತ್ತೇನೆ. ನಿಂತ ಮೇಲೆ ಬ್ಲಾಕ್ ಮೇಲ್ಮೈಯಿಂದ ಬೋಲ್ಟ್ ತಲೆಯ ಅಡಿಯವರೆಗೆ ವರ್ನಿಯರ್‌ನಲ್ಲಿ ಅಳೆಯುತ್ತೇನೆ. ಆಮೇಲೆ ಹೆಡ್‌ನಲ್ಲಿ ಅದೇ ಬೋಲ್ಟ್ ಕೂರುವ ಜಾಗದ ದಪ್ಪ, ವಾಷರ್ ಇದ್ದರೆ ಅದು, ಒತ್ತಿಹೋದ ಹಳೇ ಗ್ಯಾಸ್ಕೆಟ್‌ನ ದಪ್ಪ, ಇಷ್ಟನ್ನೂ ಕೂಡಿಸುತ್ತೇನೆ. ಲೆಕ್ಕಕ್ಕೆ ಹೇಳುವುದಾದರೆ ಬೋಲ್ಟ್ 90 ಮಿ.ಮೀ. ಎತ್ತರಕ್ಕೆ ನಿಂತು ಈ ಮೊತ್ತ 93 ಬಂದರೆ, ತಳಕ್ಕೆ ತಾಗುವ ಮುಂಚೆ 3 ಮಿ.ಮೀ. ಜಾಗ ಉಳಿದಿದೆ. ನನಗೆ 2 ಆದರೂ ಬೇಕು.

ಹೀಗೆ ನೋಡುವಾಗ ಒಂದು ಬೋಲ್ಟ್ ಮಾತ್ರ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಮೇಲೆ ನಿಂತಿತು. ಬೋಲ್ಟ್ ಅದಲು ಬದಲು ಮಾಡಿ ನೋಡಿದೆ, ಅದೇ ತೂತಿನಲ್ಲಿ ಮತ್ತೆ ಹಾಗೇ. ಅಂದ್ರೆ ತಪ್ಪು ತೂತಿನದು, ಅಲ್ವಾ? ಸಣ್ಣ ಸ್ಕ್ರೂಡ್ರೈವರ್ ಇಳಿಸಿ ಕೆದಕಿದರೆ ಕಪ್ಪು ಕೆಸರು ಬಂತು, ಬೆರಳಲ್ಲಿ ಉಜ್ಜಿದರೆ ಚರಚರ ಅನ್ನುತ್ತಿತ್ತು. ಫೇಸಿಂಗ್ ಮಾಡುವಾಗ ಬಿದ್ದ ಬೀಡಿನ ಪುಡಿ ಎಣ್ಣೆ ಜೊತೆ ಸೇರಿ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಪೆಟ್ರೋಲ್ ಹಾಕಿ, ಕೆದಕಿ, ಕಂಪ್ರೆಸರ್ ಗಾಳಿ ಹೊಡೆದೆ (ಕನ್ನಡಕ ಹಾಕಿಕೊಂಡೇ ಹೊಡೆಯಿರಿ, ಪುಡಿ ನೇರ ಮುಖಕ್ಕೇ ಚಿಮ್ಮುತ್ತದೆ). ಬೋಲ್ಟ್ ಉಳಿದವುಗಳ ಸಮಕ್ಕೆ ಇಳಿಯಿತು. ತೂತಿನಲ್ಲಿ ನೀರು, ಎಣ್ಣೆ ನಿಂತಿದ್ದರೂ ಅಪಾಯವೇ. ಅದಕ್ಕೆ ಹೋಗಲು ದಾರಿ ಇರುವುದಿಲ್ಲ, ಬೋಲ್ಟ್ ಮೇಲಿಂದ ಒತ್ತಿದಾಗ ಬ್ಲಾಕೇ ಸೀಳಬಹುದು.

ಜಾಗ ನಿಜವಾಗಿಯೂ ಸಾಲದಿದ್ದರೆ ಹದ ಮಾಡಿದ ಗಟ್ಟಿ ವಾಷರ್ ಹಾಕಿ, ಎಲ್ಲ ಬೋಲ್ಟಿಗೂ ಒಂದೇ ದಪ್ಪದ್ದು. ಹಾರ್ಡ್‌ವೇರ್ ಅಂಗಡಿಯ ಮೆತ್ತನೆ ವಾಷರ್ ಖಂಡಿತ ಬೇಡ, ಒತ್ತಡಕ್ಕೆ ಚಪ್ಪಟೆಯಾಗಿ ಬೋಲ್ಟ್ ಸಡಿಲಾಗುತ್ತದೆ. ತೂತು ಇನ್ನೂ ಆಳ ಕೊರೆಯಲು ಹೋಗಬೇಡಿ, ಕೆಳಗೆ ವಾಟರ್ ಜಾಕೆಟ್ (ತಂಪು ಮಾಡುವ ನೀರು ಹರಿಯುವ ಜಾಗ) ಇದ್ದರೆ ಬ್ಲಾಕ್ ಕೆಟ್ಟಂತೆ. ವಾಷರ್ ಹಾಕಿದ ಮೇಲೆ ಥ್ರೆಡ್ ಎಷ್ಟು ಹಿಡಿದಿದೆ ಅಂತಲೂ ಲೆಕ್ಕ ಹಾಕಿ. ಬೀಡಿನ ಬ್ಲಾಕ್‌ನಲ್ಲಿ ಬೋಲ್ಟ್ ದಪ್ಪದ ಒಂದೂವರೆ ಪಟ್ಟು ಹಿಡಿದಿರಬೇಕು, 10 ಮಿ.ಮೀ. ಬೋಲ್ಟಿಗೆ 15.

ಕೊನೆಗೆ ಗ್ಯಾಸ್ಕೆಟ್ ಇಲ್ಲದೆ ಸುಮ್ನೆ ಹೆಡ್ ಇಟ್ಟು ಎಲ್ಲ ಬೋಲ್ಟನ್ನೂ ಕೈಯಲ್ಲೇ ಇಳಿಸಿದೆ. ಬೋಲ್ಟ್ ತೀರಾ ಕೆಳಗೆ ಹೋಗುವುದು ಹೀಗಿದ್ದಾಗಲೇ. ಎಲ್ಲ ತಲೆಗಳೂ ಹೆಡ್‌ಗೆ ಕೂತವು, ಒಂದರಡಿಯೂ 0.05ರ ಎಲೆ ತೂರಲಿಲ್ಲ. ಆಮೇಲೆ ಹೊಸ ಗ್ಯಾಸ್ಕೆಟ್ ಬಿಚ್ಚಿ, ಥ್ರೆಡ್‌ಗೂ ತಲೆಯ ಅಡಿಗೂ ತೆಳ್ಳಗೆ ಎಣ್ಣೆ ಸವರಿ, ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಟೈಟ್ ಮಾಡಿದೆ.